ಧರ್ಮಾಧ್ಯಯನ ಮತ್ತು ಶಿಕ್ಷಣ: ಪ್ರಾಧ್ಯಾಪಕ ವೃತ್ತಿಯ ಬಗ್ಗೆ ಓದುಗರ ಪ್ರಶ್ನೆಗಳು

ಧರ್ಮಾಧ್ಯಯನವನ್ನೂ ಶಿಕ್ಷಣಶಾಸ್ತ್ರವನ್ನೂ ಜೊತೆಯಾಗಿ ಹಿಡಿದು ವಿಶ್ವವಿದ್ಯಾಲಯದಲ್ಲಿ ನೆಲೆಯೂರುವುದು ಹೇಗೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಈ ಪ್ರಾಧ್ಯಾಪಕರು ಧರ್ಮಬೋಧನೆ ಮಾಡುವವರೇ? ದೇವತಾಶಾಸ್ತ್ರದವರಿಗೂ ಇವರಿಗೂ ಏನು ವ್ಯತ್ಯಾಸ?

ಧರ್ಮಬೋಧನೆ ಇವರ ಕೆಲಸವಲ್ಲ. ಒಂದು ಮತದ ನಂಬಿಕೆಯೊಳಗೆ ನಿಂತು ಅದನ್ನು ವಿವರಿಸುವುದು, ಪ್ರಶ್ನಿಸುವುದು, ಗಟ್ಟಿಗೊಳಿಸುವುದು ದೇವತಾಶಾಸ್ತ್ರ. ಧರ್ಮಾಧ್ಯಯನದವರು ನೋಡುವುದೇ ಬೇರೆ: ಜನ ಏನು ನಂಬುತ್ತಾರೆ, ಏನು ಆಚರಿಸುತ್ತಾರೆ, ಆ ಆಚರಣೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು, ಅದರಿಂದ ಯಾರ ಕೈಗೆ ಅಧಿಕಾರ ಬಂತು, ಯಾರು ಹೊರಗುಳಿದರು. ಇದಕ್ಕೆ ಚರಿತ್ರೆ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಭಾಷಾಶಾಸ್ತ್ರಗಳ ವಿಧಾನಗಳನ್ನು ಬಳಸುತ್ತಾರೆ. 1870ರಲ್ಲಿ ಲಂಡನ್ನಿನಲ್ಲಿ ಭಾಷಾವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಕೊಟ್ಟ ಉಪನ್ಯಾಸಗಳು ಇದನ್ನೊಂದು ಶಾಸ್ತ್ರವಾಗಿ ನಿಲ್ಲಿಸಬೇಕೆಂದು ವಾದಿಸಿದವು. ವಿಶ್ವವಿದ್ಯಾಲಯದ ವಿಭಾಗವಾಗಿ ಇದು ವ್ಯಾಪಕವಾಗಿ ಬೆಳೆದದ್ದು ಮಾತ್ರ 1960ರ ದಶಕದಲ್ಲಿ. ನಿನಿಯನ್ ಸ್ಮಾರ್ಟ್ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಧರ್ಮಾಧ್ಯಯನ ವಿಭಾಗ ಕಟ್ಟಿದ್ದು 1967ರಲ್ಲಿ. ಅಮೆರಿಕದ ಸುಪ್ರೀಂ ಕೋರ್ಟ್ 1963ರ ಆ್ಯಬಿಂಗ್ಟನ್ ವಿರುದ್ಧ ಶೆಂಪ್ ತೀರ್ಪಿನಲ್ಲಿ ಸರ್ಕಾರಿ ಶಾಲೆಯವರು ಬೈಬಲ್ ಪಠಣ ಮಾಡಿಸುವುದನ್ನು ತಡೆಯಿತು. ಆದರೆ ಧರ್ಮದ ಬಗ್ಗೆ ವಸ್ತುನಿಷ್ಠವಾಗಿ ಕಲಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಹೇಳಿತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಹೆಚ್ಚಲು ಈ ಮಾತು ದೊಡ್ಡ ಬಲ ಕೊಟ್ಟಿತು.

ಇದಕ್ಕೆ ಶಿಕ್ಷಣಶಾಸ್ತ್ರ ಸೇರಿದಾಗ ಇನ್ನೊಂದು ಪದರ ಬರುತ್ತದೆ. ಹತ್ತು ವರ್ಷದ ಮಗುವಿಗೆ ಧರ್ಮಗಳ ಬಗ್ಗೆ ಏನು ಹೇಳಬೇಕು, ಪಠ್ಯಪುಸ್ತಕದಲ್ಲಿ ಯಾರನ್ನು ಹೇಗೆ ಚಿತ್ರಿಸಲಾಗಿದೆ, ಶಿಕ್ಷಕರಿಗೆ ಎಂಥ ತರಬೇತಿ ಬೇಕು ಎಂಬುದೇ ಆಗ ಸಂಶೋಧನೆಯ ವಿಷಯ. ಹೀಗಾಗಿ ಈ ಪ್ರಾಧ್ಯಾಪಕರ ವಾರದಲ್ಲಿ ಪದವಿ ತರಗತಿಗಳು, ಶಿಕ್ಷಕ ತರಬೇತಿ ಪಡೆಯುತ್ತಿರುವವರ ಪಾಠ ವೀಕ್ಷಣೆ, ಪಿಎಚ್‌ಡಿ ವಿದ್ಯಾರ್ಥಿಗಳ ಭೇಟಿ, ಪಠ್ಯಕ್ರಮ ಸಮಿತಿಯ ಸಭೆ ಎಲ್ಲವೂ ಇರುತ್ತವೆ. ಸ್ವಂತ ಬರವಣಿಗೆಗೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ದಿನ. ಅದನ್ನು ಮೊದಲ ವರ್ಷದಿಂದಲೇ ವೇಳಾಪಟ್ಟಿಯಲ್ಲಿ ಕಾದಿರಿಸದವರಿಗೆ ಅದೂ ಸಿಗುವುದಿಲ್ಲ.

ಪ್ರಶ್ನೆ: ನಾನು ಆಸ್ತಿಕ. ಅದು ಅಡ್ಡಿಯಾಗುತ್ತದೆಯೇ? ನಾಸ್ತಿಕರಿಗೆ ಈ ಕ್ಷೇತ್ರದಲ್ಲಿ ಜಾಗ ಇದೆಯೇ?

ಇಬ್ಬರಿಗೂ ಜಾಗವಿದೆ. ದೇವರು ಇದ್ದಾನೆಯೋ ಇಲ್ಲವೋ ಎಂಬ ತೀರ್ಮಾನವನ್ನು ಅಧ್ಯಯನದ ಮಟ್ಟಿಗೆ ಬದಿಗಿಡಬೇಕೆಂದು ಸ್ಮಾರ್ಟ್ ಹೇಳುತ್ತಿದ್ದರು. ಹೆಚ್ಚಿನ ವಿಭಾಗಗಳು ನಡೆದುಕೊಳ್ಳುವುದು ಹಾಗೆಯೇ. ಸಂದರ್ಶನದಲ್ಲಿ ನಿಮ್ಮ ವೈಯಕ್ತಿಕ ನಂಬಿಕೆಯನ್ನು ಕೇಳಬಾರದು. ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಹೇಳಬೇಕೋ ಬೇಡವೋ ಎಂಬುದನ್ನು ಮೊದಲೇ ನಿರ್ಧರಿಸಿಕೊಂಡು ಪ್ರತಿ ತರಗತಿಯಲ್ಲೂ ಹಾಗೆಯೇ ನಡೆದುಕೊಳ್ಳಿ.

ಗಮನಿಸಬೇಕಾದ ಅಪವಾದವೊಂದಿದೆ. ಜರ್ಮನಿಯಲ್ಲಿ ಸಂವಿಧಾನದ 7ನೆಯ ವಿಧಿಯ ಪ್ರಕಾರ ಸರ್ಕಾರಿ ಶಾಲೆಗಳ ಧರ್ಮಪಾಠ ಆಯಾ ಧಾರ್ಮಿಕ ಸಮುದಾಯದ ತತ್ವಗಳಿಗೆ ಹೊಂದಿಕೊಂಡೇ ನಡೆಯಬೇಕು. ಆದ್ದರಿಂದ ಅಲ್ಲಿ ಧರ್ಮಶಿಕ್ಷಣದ ಪೀಠಗಳು ಬಹುಮಟ್ಟಿಗೆ ದೇವತಾಶಾಸ್ತ್ರ ನಿಕಾಯದೊಳಗಿವೆ. ಕ್ಯಾಥೊಲಿಕ್ ನಿಕಾಯದ ಪೀಠವಾದರೆ ಚರ್ಚಿನ ಒಪ್ಪಿಗೆಯೂ ಬೇಕು. ಅದೇ ದೇಶದ ಧರ್ಮಾಧ್ಯಯನ ವಿಭಾಗಗಳಿಗೆ ಈ ಕಟ್ಟಳೆ ಇಲ್ಲ. ಅರ್ಜಿ ಹಾಕುವ ಮುನ್ನ ಹುದ್ದೆ ಯಾವ ನಿಕಾಯದ್ದು ಎಂದು ಓದಿ ನೋಡಿ.

ಪ್ರಶ್ನೆ: ಪಿಎಚ್‌ಡಿಯನ್ನು ಧರ್ಮಾಧ್ಯಯನ ವಿಭಾಗದಲ್ಲಿ ಮಾಡಬೇಕೋ ಶಿಕ್ಷಣ ವಿಭಾಗದಲ್ಲೋ? ಎಷ್ಟು ವರ್ಷ ಹಿಡಿಯುತ್ತದೆ?

ಮುಂದೆ ಯಾವ ವಿಭಾಗ ನಿಮಗೆ ಕೆಲಸ ಕೊಡಬೇಕೆಂದು ಬಯಸುತ್ತೀರೋ ಅಲ್ಲಿಯೇ ಮಾಡಿ. ನೇಮಕಾತಿ ಸಮಿತಿ ಮೊದಲು ನೋಡುವುದು ಪದವಿಪತ್ರದ ಮೇಲಿರುವ ವಿಭಾಗದ ಹೆಸರನ್ನು. ಶಿಕ್ಷಣ ವಿಭಾಗದಲ್ಲಿ ಪಿಎಚ್‌ಡಿ ಮಾಡಿದವರನ್ನು ಧರ್ಮಾಧ್ಯಯನದವರು ‘ಮೂಲ ಪಠ್ಯ ಓದಬಲ್ಲರೇ, ಒಂದು ಪರಂಪರೆಯನ್ನಾದರೂ ಆಳವಾಗಿ ಬಲ್ಲರೇ’ ಎಂದು ಕೇಳುತ್ತಾರೆ. ಧರ್ಮಾಧ್ಯಯನದಿಂದ ಬಂದವರನ್ನು ಶಿಕ್ಷಣದವರು ‘ಶಾಲೆಯಲ್ಲಿ ಪಾಠ ಮಾಡಿದ್ದಾರೆಯೇ, ಸಂಶೋಧನಾ ವಿಧಾನ ಗೊತ್ತೇ’ ಎನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಾಗಾಗಿ ಪದವಿ ಒಂದು ಕಡೆಯದಾಗಿರಲಿ, ಸಹ ಮಾರ್ಗದರ್ಶಕರು ಇನ್ನೊಂದು ಕಡೆಯವರಾಗಿರಲಿ. ಧರ್ಮಾಧ್ಯಯನಕ್ಕೆ ಹೋಗುವವರು ಒಂದು ಮೂಲಭಾಷೆಯನ್ನು ಪಠ್ಯ ಓದುವ ಮಟ್ಟಿಗೆ ಕಲಿಯಬೇಕು. ಪಾಳಿ, ಸಂಸ್ಕೃತ, ಅರಬ್ಬಿ, ಹೀಬ್ರೂ, ಗ್ರೀಕ್, ಚೀನೀ, ನಿಮ್ಮ ಪರಂಪರೆಗೆ ಬೇಕಾದದ್ದು ಯಾವುದಾದರೂ ಆಗಲಿ, ಅದಕ್ಕೆ ಎರಡು ವರ್ಷ ಬೇಕು. ಪಿಎಚ್‌ಡಿ ಸೇರಿದ ಮೇಲೆ ಅಕ್ಷರಮಾಲೆಯಿಂದ ಆರಂಭಿಸಿದವರ ಮಹಾಪ್ರಬಂಧ ತಡವಾಗುವುದು ಬಹುತೇಕ ಖಚಿತ. ಶಿಕ್ಷಣಕ್ಕೆ ಹೋಗುವವರಿಗೆ ಶಾಲೆಯಲ್ಲಿ ಎರಡು ಮೂರು ವರ್ಷ ಪಾಠ ಮಾಡಿದ ಅನುಭವ ಇದ್ದರೆ ಅದರ ತೂಕವೇ ಬೇರೆ.

ಬ್ರಿಟನ್ನಿನಲ್ಲಿ ಪಿಎಚ್‌ಡಿ ಮೂರರಿಂದ ನಾಲ್ಕು ವರ್ಷ. ನೇರ ಸಂಶೋಧನೆ, ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಅಮೆರಿಕದಲ್ಲಿ ಮೊದಲ ಎರಡು ವರ್ಷ ಕೋರ್ಸುಗಳು, ಆಮೇಲೆ ಸಮಗ್ರ ಪರೀಕ್ಷೆ, ನಂತರ ಮಹಾಪ್ರಬಂಧ; ಒಟ್ಟು ಐದರಿಂದ ಏಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಬೇರೆ ವಿಷಯದಿಂದ ಬರುವವರಿಗೆ ಅಮೆರಿಕದ ಪದ್ಧತಿ ಒಳ್ಳೆಯದು, ತಳಹದಿ ಹಾಕಿಕೊಳ್ಳಲು ಸಮಯ ಸಿಗುತ್ತದೆ. ಶಿಷ್ಯವೇತನವಿಲ್ಲದ ಪ್ರವೇಶವನ್ನು ಎರಡೂ ಕಡೆ ಒಪ್ಪಿಕೊಳ್ಳಬೇಡಿ. ಈ ಕ್ಷೇತ್ರದಲ್ಲಿ ಕಾಯಂ ಹುದ್ದೆಗಳು ಕಡಿಮೆ. ಸಾಲ ಮಾಡಿ ಓದಿದರೆ ತೀರಿಸುವಷ್ಟು ಸಂಬಳ ಬೇಗ ಬರುವುದಿಲ್ಲ.

ಪ್ರಶ್ನೆ: ‘ಶಾಲಾ ಶಿಕ್ಷಣದಲ್ಲಿ ಧರ್ಮ’ ಎಂಬ ವಿಷಯವನ್ನು ಪ್ರಸ್ತಾವನೆಯಾಗಿ ಕಳಿಸಿದೆ. ‘ತೀರಾ ವಿಶಾಲ’ ಎಂದು ವಾಪಸು ಬಂತು. ಹೇಗೆ ಸರಿಪಡಿಸಲಿ?

ನೀವು ಕಳಿಸಿರುವುದು ಕ್ಷೇತ್ರದ ಹೆಸರು. ಸಮಿತಿಗೆ ಬೇಕಾದದ್ದು ಉತ್ತರ ಹುಡುಕಬಲ್ಲ ಒಂದು ಪ್ರಶ್ನೆ. ಹಂತ ಹಂತವಾಗಿ ಇಳಿಸಿ. ಯಾವ ಧರ್ಮ? ಸಿಖ್ ಧರ್ಮ ಎನ್ನಿ. ಶಾಲೆಯಲ್ಲಿ ಎಲ್ಲಿ? ಪಠ್ಯಪುಸ್ತಕದಲ್ಲಿ. ಪುಸ್ತಕದಲ್ಲಿ ಏನು? ಚಿತ್ರಗಳು ಮತ್ತು ಅವುಗಳ ಕೆಳಗಿನ ಬರಹ. ಯಾವ ವಯಸ್ಸಿನವರಿಗೆ? ಹದಿಮೂರು, ಹದಿನಾಲ್ಕು. ಚಿತ್ರ ಇದೆ ಎಂದಷ್ಟೇ ಹೇಳಿದರೆ ಅದು ಪಟ್ಟಿಯಾಗುತ್ತದೆ. ಶಿಕ್ಷಕರು ಆ ಚಿತ್ರವನ್ನು ತರಗತಿಯಲ್ಲಿ ಹೇಗೆ ಬಳಸುತ್ತಾರೆ, ಮಕ್ಕಳು ಅದರಿಂದ ಏನು ಗ್ರಹಿಸುತ್ತಾರೆ ಎಂದು ಕೇಳಿದಾಗ ಪ್ರಶ್ನೆ ಹುಟ್ಟುತ್ತದೆ. ಈಗ ನಿಮ್ಮ ವಿಷಯ: ಮೂರು ಪಠ್ಯಪುಸ್ತಕಗಳ ಸಿಖ್ ಚಿತ್ರಗಳು ತರಗತಿಯಲ್ಲಿ ಹೇಗೆ ಬಳಕೆಯಾಗುತ್ತವೆ? ಇದರಲ್ಲಿ ಎರಡೂ ಶಾಸ್ತ್ರಗಳಿಗೆ ಪಾಲಿದೆ. ಪೇಟ, ಕೃಪಾಣ, ಲಂಗರ್ (ಗುರುದ್ವಾರದ ಸಾಮೂಹಿಕ ಊಟ) ಇವನ್ನು ಮಾತ್ರ ತೋರಿಸಿದರೆ ಪರಂಪರೆಯೊಳಗಿನ ಯಾವ ವೈವಿಧ್ಯ ಕಾಣೆಯಾಗುತ್ತದೆ ಎಂಬುದು ಧರ್ಮಾಧ್ಯಯನದವರ ಪ್ರಶ್ನೆ. ಚಿತ್ರದಿಂದ ಕಲಿಕೆ ಹೇಗೆ ನಡೆಯುತ್ತದೆ ಎಂಬುದು ಶಿಕ್ಷಣದವರದು. ಒಂದೇ ಶಾಸ್ತ್ರದವರಿಗೆ ಮಾತ್ರ ಆಸಕ್ತಿ ಹುಟ್ಟಿಸುವ ವಿಷಯ ಹಿಡಿದರೆ ಮುಂದೆ ಹತ್ತು ವರ್ಷ ಇನ್ನೊಂದು ಕಡೆಯವರಿಗೆ ಸಮಜಾಯಿಷಿ ಕೊಡುತ್ತಿರಬೇಕಾಗುತ್ತದೆ.

ಪ್ರಸ್ತಾವನೆಯಲ್ಲಿ ಪ್ರಮಾಣ ಬರೆಯಿರಿ: ನಾಲ್ಕು ಶಾಲೆ, ಹನ್ನೆರಡು ಶಿಕ್ಷಕರ ಸಂದರ್ಶನ, ಪ್ರತಿಯೊಂದೂ 45ರಿಂದ 60 ನಿಮಿಷ, ಇಪ್ಪತ್ತು ತರಗತಿಗಳ ವೀಕ್ಷಣೆ. ಒಬ್ಬರು ಮಾಡಿ ಮುಗಿಸಬಲ್ಲ ಕೆಲಸ ಇಷ್ಟು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹನ್ನೆರಡು ಸಂದರ್ಶನಗಳಿಗೆ ಅರುವತ್ತು ಗಂಟೆ ಎಂದಿಟ್ಟುಕೊಳ್ಳಿ. ಯಂತ್ರದಿಂದ ಬರಹಕ್ಕಿಳಿಸಿದರೂ ಧಾರ್ಮಿಕ ಪದಗಳು, ವ್ಯಕ್ತಿನಾಮಗಳು ತಪ್ಪಾಗಿ ಬರುವುದರಿಂದ ಪೂರ್ತಿ ಕೇಳಿ ತಿದ್ದಲೇಬೇಕು. ಒಪ್ಪಿದ ಶಾಲೆ ಮಧ್ಯದಲ್ಲಿ ಹಿಂದೆ ಸರಿಯುವುದು ಸಾಮಾನ್ಯ. ಮುಖ್ಯೋಪಾಧ್ಯಾಯರು ಬದಲಾಗುತ್ತಾರೆ, ಪೋಷಕರೊಬ್ಬರು ಆಕ್ಷೇಪಿಸುತ್ತಾರೆ, ಪರೀಕ್ಷೆ ಹತ್ತಿರ ಬರುತ್ತದೆ. ನಾಲ್ಕು ಬೇಕಿದ್ದರೆ ಆರು ಶಾಲೆಗಳೊಡನೆ ಮಾತಾಡಿಟ್ಟಿರಿ.

ಪ್ರಶ್ನೆ: ಮಕ್ಕಳನ್ನು ಅವರ ಧರ್ಮದ ಬಗ್ಗೆ ಮಾತಾಡಿಸಲು ನೈತಿಕ ಪರಿಶೀಲನಾ ಸಮಿತಿ ಒಪ್ಪುತ್ತದೆಯೇ?

ಒಪ್ಪುತ್ತದೆ, ಆದರೆ ಕಟ್ಟುನಿಟ್ಟಾಗಿ ನೋಡುತ್ತದೆ. ಇಲ್ಲಿ ಎರಡು ಸೂಕ್ಷ್ಮಗಳು ಒಟ್ಟಿಗೆ ಸೇರಿವೆ: ಮಕ್ಕಳು ಮತ್ತು ಧರ್ಮ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದ 9ನೆಯ ವಿಧಿ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆಯ ಮಾಹಿತಿ ಎಂದೇ ಎಣಿಸುತ್ತದೆ. ಮೂರು ಕಡೆಯ ಒಪ್ಪಿಗೆ ಬೇಕು: ಶಾಲೆಯದು, ಪೋಷಕರದು, ಮಗುವಿನದು. ಪೋಷಕರು ಸಹಿ ಹಾಕಿದರೂ ಮಗು ಬೇಡವೆಂದರೆ ಅಲ್ಲಿಗೆ ಬಿಡಬೇಕು. ಒಪ್ಪಿಗೆ ಪತ್ರ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಒಂದೇ ಪುಟದಲ್ಲಿರಲಿ. ‘ನಡುವೆ ಬಿಟ್ಟುಬಿಡಬಹುದು, ಬಿಟ್ಟರೆ ನಿನ್ನ ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ’ ಎಂಬ ಸಾಲು ಇರಲೇಬೇಕು. ಸಮಿತಿಯ ಕೆಲಸಕ್ಕೆ ಎರಡು ತಿಂಗಳು ಇಟ್ಟುಕೊಳ್ಳಿ. ತಿದ್ದುಪಡಿ ಕೇಳಿದರೆ ಇನ್ನೊಂದು ತಿಂಗಳು. ಒಪ್ಪಿಗೆ ಕೈಗೆ ಬರುವ ಮುನ್ನ ಸಂಗ್ರಹಿಸಿದ ಮಾಹಿತಿಯನ್ನು ಬಳಸುವಂತಿಲ್ಲ, ಅದು ಎಷ್ಟೇ ಚೆನ್ನಾಗಿರಲಿ.

ಹೆಸರು ಬದಲಿಸಿದರೆ ಗುರುತು ಮರೆಯಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಒಂದು ಶಾಲೆಯಲ್ಲಿ ಯೆಹೂದಿ ಕುಟುಂಬದ ಮಗು ಒಂದೇ ಇದ್ದರೆ ಏನೇ ಹೆಸರು ಕೊಟ್ಟರೂ ಓದಿದವರಿಗೆ ಯಾರೆಂದು ಗೊತ್ತಾಗುತ್ತದೆ. ಅಂಥಲ್ಲಿ ಶಾಲೆಯ ವಿವರವನ್ನು ಮಸುಕಾಗಿಸಿ, ಇಲ್ಲವೇ ಆ ಮಾತನ್ನೇ ಉದ್ಧರಿಸಬೇಡಿ. ಧರ್ಮದ ಹೆಸರನ್ನು ಬದಲಿಸಿ ಬರೆಯುವುದಂತೂ ಆಗದ ಮಾತು, ಅಧ್ಯಯನವೇ ಸುಳ್ಳಾಗುತ್ತದೆ.

ಪ್ರಶ್ನೆ: ಮೊದಲು ಲೇಖನವೋ ಪುಸ್ತಕವೋ? ನನ್ನ ಲೇಖನ ಎರಡು ಜರ್ನಲ್‌ಗಳಿಂದ ತಿರಸ್ಕೃತವಾಗಿದೆ.

ಅಮೆರಿಕದ ಧರ್ಮಾಧ್ಯಯನ ವಿಭಾಗಗಳಲ್ಲಿ ಬಡ್ತಿಗೆ ಒಂದು ಪುಸ್ತಕವನ್ನು ನಿರೀಕ್ಷಿಸುವುದು ಹೆಚ್ಚು. ಶಿಕ್ಷಣ ವಿಭಾಗಗಳಲ್ಲಿ ಲೇಖನಗಳಿಗೇ ಬೆಲೆ. ಪಿಎಚ್‌ಡಿ ಮುಗಿಯುವ ಹೊತ್ತಿಗೆ ಎರಡು ಲೇಖನಗಳಾದರೂ ಪ್ರಕಟವಾಗಿರಲಿ ಅಥವಾ ಸ್ವೀಕೃತವಾಗಿರಲಿ, ಪುಸ್ತಕ ಆಮೇಲೆ.

ತಿರಸ್ಕಾರಕ್ಕೆ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಒಂದಿದೆ. ಸಂಪಾದಕರು ಲೇಖನವನ್ನು ಒಬ್ಬ ಧರ್ಮಾಧ್ಯಯನ ತಜ್ಞರಿಗೂ ಒಬ್ಬ ಶಿಕ್ಷಣ ತಜ್ಞರಿಗೂ ಕಳಿಸುತ್ತಾರೆ. ಮೊದಲಿನವರು ‘ಇದು ಬರೀ ಶಾಲೆಯ ವರದಿ’ ಎನ್ನುತ್ತಾರೆ; ಎರಡನೆಯವರು ‘ವಿಧಾನ ಸ್ಪಷ್ಟವಿಲ್ಲ’ ಎನ್ನುತ್ತಾರೆ. ಇದಕ್ಕೆ ಮದ್ದು ಮೊದಲ ಎರಡು ಪುಟಗಳಲ್ಲೇ ಇದೆ. ಯಾವ ಚರ್ಚೆಗೆ ಈ ಲೇಖನ ಸೇರುತ್ತದೆ ಎಂದು ಒಂದು ಪ್ಯಾರಾದಲ್ಲಿ ಹೇಳಿ. ಉದಾಹರಣೆಗೆ, ಧರ್ಮಶಿಕ್ಷಣ ತಜ್ಞ ಮೈಕೆಲ್ ಗ್ರಿಮಿಟ್ ಬೇರ್ಪಡಿಸಿದ ಧರ್ಮದ ಬಗ್ಗೆ ಕಲಿಯುವುದು, ಧರ್ಮದಿಂದ (ತನ್ನ ಬದುಕಿಗಾಗಿ) ಕಲಿಯುವುದು ಎಂಬ ಚರ್ಚೆಯೋ, ಧರ್ಮಗಳನ್ನು ಹೊರಗಿನಿಂದ ಕಟ್ಟಿದ ಚೌಕಟ್ಟುಗಳಾಗಿ ನೋಡದೆ ವ್ಯಕ್ತಿ, ಗುಂಪು, ಪರಂಪರೆಗಳ ನಡುವಿನ ಸಂಬಂಧವಾಗಿ ನೋಡುವ ರಾಬರ್ಟ್ ಜಾಕ್ಸನ್ ಅವರ ವ್ಯಾಖ್ಯಾನ ಮಾರ್ಗವೋ? ಆಮೇಲೆ ಮಾಹಿತಿ ಎಲ್ಲಿಂದ, ಯಾರಿಂದ, ಯಾವಾಗ, ಹೇಗೆ ವಿಶ್ಲೇಷಿಸಿದಿರಿ ಎಂಬುದಕ್ಕೆ 400 ಪದಗಳ ವಿಧಾನ ಭಾಗ ಕೊಡಿ. ಸಾಮಾನ್ಯವಾಗಿ 6,000ದಿಂದ 8,000 ಪದಗಳು ಸಾಕು. ಜರ್ನಲ್ ಹೇಳಿದ ಮಿತಿಯನ್ನು ಮೀರಿದ ಲೇಖನವನ್ನು ಅನೇಕ ಸಂಪಾದಕರು ಓದದೆಯೇ ಹಿಂತಿರುಗಿಸುತ್ತಾರೆ.

‘ತಿದ್ದಿ ಮತ್ತೆ ಕಳಿಸಿ’ ಎಂದು ಬಂದರೆ ಬೇಸರ ಬೇಡ, ಅದು ಒಳ್ಳೆಯ ಸುದ್ದಿ. ಮೂರು ಅಂಕಣಗಳ ಪಟ್ಟಿ ಮಾಡಿ: ಪರಿಶೀಲಕರ ಮಾತು ಅವರದೇ ಪದಗಳಲ್ಲಿ, ನೀವು ಮಾಡಿದ ಬದಲಾವಣೆ, ಅದು ಇರುವ ಪುಟ. ಒಪ್ಪದ ಸಲಹೆ ಇದ್ದರೆ ಮೌನವಾಗಿ ಬಿಡದೆ ಏಕೆ ಒಪ್ಪಲಿಲ್ಲವೆಂದು ಎರಡು ಸಾಲು ಬರೆಯಿರಿ. ಒಂದೇ ಲೇಖನವನ್ನು ಒಂದೇ ಸಲಕ್ಕೆ ಎರಡು ಕಡೆ ಕಳಿಸಬೇಡಿ. ವಾರದೊಳಗೆ ಸ್ವೀಕರಿಸಿ ಹಣ ಕೇಳುವ ಜರ್ನಲ್‌ಗಳ ಹತ್ತಿರ ಹೋಗಲೇಬೇಡಿ. ಅಲ್ಲಿ ಪ್ರಕಟವಾದ ಲೇಖನ ನಿಮ್ಮ ಸಿವಿಯಲ್ಲಿ ಕಲೆಯಾಗಿಯೇ ಉಳಿಯುತ್ತದೆ.

ಮಹಾಪ್ರಬಂಧವನ್ನು ಪುಸ್ತಕ ಮಾಡುವಾಗ ಸಾಹಿತ್ಯ ವಿಮರ್ಶೆಯ ಅಧ್ಯಾಯ ಪೂರ್ತಿ ಹೋಗಬೇಕು. ವಿಧಾನದ ಅಧ್ಯಾಯ ಅನುಬಂಧಕ್ಕೆ ಇಳಿಯಲಿ. ಪರೀಕ್ಷಕರಿಗೆ ‘ಇದೆಲ್ಲ ಓದಿದ್ದೇನೆ’ ಎಂದು ತೋರಿಸಲು ಬರೆದದ್ದು ಪುಸ್ತಕದ ಓದುಗರಿಗೆ ಬೇಡ. 80,000ದಿಂದ 1,00,000 ಪದಗಳಿಗೆ ಇಳಿಸಿ, ಎಂಟು ಹತ್ತು ಪುಟಗಳ ಪ್ರಸ್ತಾವನೆ ಮತ್ತು ಒಂದೆರಡು ಅಧ್ಯಾಯಗಳೊಂದಿಗೆ ಪ್ರಕಾಶಕರನ್ನು ಸಂಪರ್ಕಿಸಿ.

ಪ್ರಶ್ನೆ: ಬೇರೆ ಬೇರೆ ದೇಶಗಳ ಕಾನೂನುಗಳನ್ನು ಈ ಕ್ಷೇತ್ರದವರು ಎಷ್ಟು ತಿಳಿದಿರಬೇಕು?

ಚೆನ್ನಾಗಿಯೇ ತಿಳಿದಿರಬೇಕು, ಏಕೆಂದರೆ ಶಾಲೆಯಲ್ಲಿ ಧರ್ಮಕ್ಕೆ ಯಾವ ಸ್ಥಾನ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಾನೂನೇ. ಶೆಂಪ್ ತೀರ್ಪು, ಜರ್ಮನಿಯ 7ನೆಯ ವಿಧಿ ಮೇಲೆ ಬಂದವು. ಇಂಗ್ಲೆಂಡಿನ 1944ರ ಶಿಕ್ಷಣ ಕಾಯಿದೆ ಧರ್ಮಪಾಠವನ್ನು ಕಡ್ಡಾಯ ಮಾಡಿತು. 1988ರ ಕಾಯಿದೆ ಹೊಸ ಪಠ್ಯಕ್ರಮಗಳು ಕ್ರೈಸ್ತ ಪರಂಪರೆಯ ಪ್ರಾಧಾನ್ಯವನ್ನು ಪ್ರತಿಬಿಂಬಿಸುವ ಜೊತೆಗೆ ದೇಶದ ಇತರ ಮುಖ್ಯ ಧರ್ಮಗಳನ್ನೂ ಗಣನೆಗೆ ತಂದುಕೊಳ್ಳಬೇಕೆಂದಿತು. ನಾರ್ವೆ 1997ರಲ್ಲಿ ಎಲ್ಲ ಮಕ್ಕಳಿಗೂ ಒಂದೇ ಧರ್ಮಪಾಠ ತಂದು, ಪೂರ್ತಿ ವಿನಾಯಿತಿಯ ಅವಕಾಶ ಕೊಡಲಿಲ್ಲ. 2007ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಫೋಲ್ಗೆರೊ ಪ್ರಕರಣದಲ್ಲಿ ಇದು ಪೋಷಕರ ಹಕ್ಕಿನ ಉಲ್ಲಂಘನೆ ಎಂದಿತು. ನಂಬಿಕೆಯ ಬೋಧನೆಗೂ ಜ್ಞಾನದ ಬೋಧನೆಗೂ ನಡುವಿನ ಗೆರೆ ಎಲ್ಲಿ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಐರೋಪ್ಯ ಭದ್ರತೆ ಮತ್ತು ಸಹಕಾರ ಸಂಘಟನೆ ಅದೇ ವರ್ಷ ಹೊರತಂದ, ಶಾಲೆಗಳಲ್ಲಿ ಧರ್ಮಗಳ ಬಗ್ಗೆ ಕಲಿಸುವುದನ್ನು ಕುರಿತ ಟೊಲೆಡೊ ಮಾರ್ಗಸೂಚಿ, ದಕ್ಷಿಣ ಆಫ್ರಿಕಾದ 2003ರ ಧರ್ಮ ಮತ್ತು ಶಿಕ್ಷಣ ನೀತಿ, ಈ ಎರಡನ್ನೂ ಮೂಲದಲ್ಲೇ ಓದಿ. ಸಾರಾಂಶ ಓದಿ ಪಾಠ ಮಾಡಲು ಹೊರಟವರು ತರಗತಿಯ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ಪ್ರಶ್ನೆ: ಅರ್ಜಿ, ಸಂದರ್ಶನಗಳ ಬಗ್ಗೆ ಹೇಳಿ. ಸಂದರ್ಶನದವರೆಗೆ ಹೋಗಿ ಕೈತಪ್ಪುತ್ತಿದೆ.

ಅಮೆರಿಕದಲ್ಲಿ ಜಾಹೀರಾತುಗಳು ಆಗಸ್ಟ್‌ನಿಂದ ನವೆಂಬರ್‌ವರೆಗೆ ಹೆಚ್ಚು. ಕೆಲಸ ಶುರುವಾಗುವುದು ಮುಂದಿನ ವರ್ಷದ ಆಗಸ್ಟಿಗೆ. ಧರ್ಮಾಧ್ಯಯನದ ದೊಡ್ಡ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ರಿಲಿಜಿಯನ್‌ನ ವಾರ್ಷಿಕ ಸಮ್ಮೇಳನ ನವೆಂಬರಿನಲ್ಲಿ ನಡೆಯುತ್ತದೆ. ಅಷ್ಟರೊಳಗೆ ಎರಡು ಪುಟದ ಅರ್ಜಿಪತ್ರ, ಸಿವಿ, ಬೋಧನೆಯ ಬಗ್ಗೆ ಒಂದೆರಡು ಪುಟ, ಮಾದರಿ ಬರಹ, ಮೂವರ ಶಿಫಾರಸು ಪತ್ರ ಸಿದ್ಧವಿರಬೇಕು. ಶಿಫಾರಸು ಬರೆಯುವವರಿಗೆ ಆರು ವಾರ ಮುಂಚೆ ತಿಳಿಸಿ. ಮೂವರಲ್ಲಿ ಒಬ್ಬರಾದರೂ ನಿಮ್ಮ ತರಗತಿಯನ್ನು ಕಣ್ಣಾರೆ ನೋಡಿದವರಾಗಿರಲಿ.

ಸಂದರ್ಶನದವರೆಗೆ ಹೋಗುತ್ತಿದ್ದೀರಿ ಎಂದರೆ ಕಾಗದಪತ್ರ ಸರಿಯಿದೆ. ತೊಂದರೆ ಇರುವುದು ಸಂಶೋಧನಾ ಉಪನ್ಯಾಸದಲ್ಲೋ ಪ್ರಶ್ನೋತ್ತರದಲ್ಲೋ ಇರಬೇಕು. ಅಮೆರಿಕದಲ್ಲಿ 40–50 ನಿಮಿಷ ಮಾತಾಡಿಸುತ್ತಾರೆ, ಬ್ರಿಟನ್ನಿನಲ್ಲಿ ಕೆಲವೊಮ್ಮೆ 15 ನಿಮಿಷವಷ್ಟೇ. ಮಹಾಪ್ರಬಂಧದ ಎಲ್ಲ ಅಧ್ಯಾಯಗಳನ್ನೂ ತುರುಕಲು ಹೋದವರ ಮಾತು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಂದು ಆಧಾರವನ್ನು ಕೈಗೆತ್ತಿಕೊಳ್ಳಿ: ಒಂದು ಪಠ್ಯಪುಸ್ತಕದ ಪುಟ, ಒಂದು ತರಗತಿಯ ಐದು ನಿಮಿಷದ ಸಂಭಾಷಣೆ. ಅದನ್ನು ತೆರೆ ಮೇಲೆ ತೋರಿಸಿ, ಅದರಿಂದಲೇ ವಾದ ಬೆಳೆಸಿ. ‘ನಮ್ಮ ಯಾವ ಕೋರ್ಸುಗಳನ್ನು ನೀವು ತೆಗೆದುಕೊಳ್ಳಬಲ್ಲಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರ ಪಟ್ಟಿಯಿಂದ ಇರುವ ಎರಡು ಕೋರ್ಸು, ಹೊಸದಾಗಿ ಒಂದು ಕೋರ್ಸು, ಅದಕ್ಕೆ ವಾರವಾರದ ಯೋಜನೆ, ಇಷ್ಟು ಕೈಯಲ್ಲಿರಲಿ. ‘ಏನು ಬೇಕಾದರೂ ಪಾಠ ಮಾಡುತ್ತೇನೆ’ ಎಂಬ ಉತ್ತರ ಕೇಳುವವರಿಗೆ ಸಿದ್ಧತೆಯಿಲ್ಲದ ಉತ್ತರವಾಗಿಯೇ ಕೇಳಿಸುತ್ತದೆ.

ಪ್ರಶ್ನೆ: ಎರಡು ವಿಭಾಗಗಳ ಜಂಟಿ ನೇಮಕ ಸಿಕ್ಕಿದೆ. ಒಪ್ಪಿಕೊಳ್ಳಲೇ?

ಒಪ್ಪಿಕೊಳ್ಳಿ, ಆದರೆ ಸಹಿ ಹಾಕುವ ಮುನ್ನ ಎಲ್ಲವೂ ಬರಹದಲ್ಲಿ ಬರಲಿ. ಯಾವುದು ಮಾತೃವಿಭಾಗ, ಕೆಲಸದ ಪಾಲು ಶೇಕಡಾ ಎಷ್ಟೆಷ್ಟು, ವರ್ಷಕ್ಕೆ ಯಾವ ವಿಭಾಗಕ್ಕೆ ಎಷ್ಟು ಕೋರ್ಸು, ಬಡ್ತಿಯ ಸಮಯದಲ್ಲಿ ಯಾರ ಮಾನದಂಡ, ಮೌಲ್ಯಮಾಪನ ಸಮಿತಿಯಲ್ಲಿ ಎರಡೂ ಕಡೆಯವರು ಇರುತ್ತಾರೆಯೇ ಎಂದು ಕೇಳಿ. ಇದಿಲ್ಲದೆ ಹೋದರೆ ಆಗುವುದೇನೆಂದರೆ, ಅರ್ಧರ್ಧ ಹುದ್ದೆ ಎಂದು ಹೆಸರಿದ್ದರೂ ಎರಡೂ ಕಡೆಯ ಸಭೆಗಳಿಗೆ ಪೂರ್ತಿ ಹೋಗಬೇಕು. ಒಬ್ಬರು ಪುಸ್ತಕ ಕೇಳುತ್ತಾರೆ, ಇನ್ನೊಬ್ಬರು ಲೇಖನ. ಐದು ವರ್ಷ ದುಡಿದ ಮೇಲೆ ‘ನಮ್ಮ ಮಟ್ಟಿಗೆ ಕೆಲಸ ಸಾಲದು’ ಎಂಬ ಮಾತು ಎರಡೂ ಕಡೆಯಿಂದ ಬರುತ್ತದೆ.

ಅಮೆರಿಕದಲ್ಲಿ ಸಾಮಾನ್ಯವಾಗಿ ಮೂರನೆಯ ವರ್ಷ ಮಧ್ಯಂತರ ಪರಿಶೀಲನೆ, ಆರನೆಯ ವರ್ಷ ಟೆನ್ಯೂರ್, ಅಂದರೆ ಕಾಯಂ ನೇಮಕದ ನಿರ್ಧಾರ. ಹೊರಗಿನ ತಜ್ಞರ ಅಭಿಪ್ರಾಯವನ್ನೂ ತರಿಸುತ್ತಾರೆ. ಸಿಗದಿದ್ದರೆ ಹೆಚ್ಚೆಂದರೆ ಇನ್ನೊಂದು ವರ್ಷ ಉಳಿಯಬಹುದು. ಬ್ರಿಟನ್ನಿನಲ್ಲಿ ಟೆನ್ಯೂರ್ ಇಲ್ಲ, ಪ್ರೊಬೇಷನ್ ಇದೆ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನದಲ್ಲಿ ಶಿಕ್ಷಣಕ್ಕೊಂದು, ದೇವತಾಶಾಸ್ತ್ರ–ಧರ್ಮಾಧ್ಯಯನಕ್ಕೊಂದು ಬೇರೆ ಬೇರೆ ಘಟಕಗಳಿವೆ. ನಿಮ್ಮ ಬರಹಗಳು ಯಾವ ಘಟಕಕ್ಕೆ ಸಲ್ಲುತ್ತವೆ ಎಂದು ಸೇರಿದ ವರ್ಷವೇ ಕೇಳಿ ತಿಳಿದುಕೊಳ್ಳಿ. ಜರ್ಮನಿಯಲ್ಲಿ ಪಿಎಚ್‌ಡಿಯ ನಂತರ ಎರಡನೆಯ ದೊಡ್ಡ ಪ್ರಬಂಧವಾದ ಹ್ಯಾಬಿಲಿಟೇಷನ್ ಬರೆಯಬಹುದು, ಇಲ್ಲವೇ ಆರು ವರ್ಷದ ಕಿರಿಯ ಪ್ರಾಧ್ಯಾಪಕ ಹುದ್ದೆಯ ದಾರಿ ಹಿಡಿಯಬಹುದು.

ಪ್ರಶ್ನೆ: ‘ನಮ್ಮ ಧರ್ಮವನ್ನು ತಪ್ಪಾಗಿ ಹೇಳಿದಿರಿ’ ಎಂದು ವಿದ್ಯಾರ್ಥಿಯೊಬ್ಬರು ತರಗತಿಯಲ್ಲೇ ಎದ್ದು ನಿಂತರು. ಇಂಥ ಸಂದರ್ಭ ಹೇಗೆ ನಿಭಾಯಿಸುವುದು?

ಮೊದಲು ಅವರ ಮಾತನ್ನು ಪೂರ್ತಿ ಕೇಳಿ, ಯಾವ ವಾಕ್ಯ ತಪ್ಪಾಯಿತೆಂದು ಕೇಳಿ. ಅನೇಕ ಸಲ ಅವರು ಹೇಳುವುದು ಸರಿಯೇ ಇರುತ್ತದೆ, ಏಕೆಂದರೆ ದೋಷ ವಾಕ್ಯದ ರಚನೆಯಲ್ಲೇ ಇರುತ್ತದೆ. ‘ಮುಸ್ಲಿಮರು ರಂಜಾನ್ ತಿಂಗಳಲ್ಲಿ ಉಪವಾಸ ಮಾಡುತ್ತಾರೆ’ ಎಂಬ ಸಾಲನ್ನೇ ನೋಡಿ. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಚಿಕ್ಕ ಮಕ್ಕಳು ಇದರಲ್ಲಿ ಎಲ್ಲಿದ್ದಾರೆ? ಆಚರಿಸದ ಮುಸ್ಲಿಮರು ಎಲ್ಲಿದ್ದಾರೆ? ‘ರಂಜಾನಿನಲ್ಲಿ ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಉಪವಾಸ ಕರ್ತವ್ಯವೆಂದು ಇಸ್ಲಾಮಿನ ಕಾನೂನು ಪರಂಪರೆಗಳು ಹೇಳುತ್ತವೆ, ಕಾಯಿಲೆ, ಪ್ರಯಾಣ ಮೊದಲಾದವಕ್ಕೆ ವಿನಾಯಿತಿ ಇದೆ, ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದು ಮನೆಯಿಂದ ಮನೆಗೆ ಬೇರೆ’ ಎಂದರೆ ಅದೇ ವಿದ್ಯಾರ್ಥಿಗೆ ಆಕ್ಷೇಪಿಸಲು ಏನೂ ಉಳಿಯದು, ಉಳಿದವರೂ ಹೆಚ್ಚು ಕಲಿತಿರುತ್ತಾರೆ. ಧರ್ಮಗಳು ಒಳಗೇ ವೈವಿಧ್ಯವುಳ್ಳವು, ಕಾಲದೊಡನೆ ಬದಲಾಗುವಂಥವು, ಸಂಸ್ಕೃತಿಯೊಳಗೆ ಹೆಣೆದುಕೊಂಡಂಥವು ಎಂದು ಧರ್ಮಾಧ್ಯಯನ ವಿದ್ವಾಂಸೆ ಡಯೇನ್ ಮೂರ್ ಹೇಳುವ ಮೂರು ಸೂತ್ರಗಳನ್ನು ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ಬರೆದುಬಿಟ್ಟರೆ ಇಡೀ ಸೆಮಿಸ್ಟರ್ ಅದೇ ಆಧಾರವಾಗುತ್ತದೆ.

ಆಕ್ಷೇಪ ತಥ್ಯದ ಬಗ್ಗೆಯಲ್ಲ, ‘ನಮ್ಮ ಗ್ರಂಥವನ್ನು ಚರಿತ್ರೆಯ ದೃಷ್ಟಿಯಿಂದ ನೋಡಲೇಬಾರದು’ ಎಂಬುದಾದರೆ ಅಲ್ಲಿ ಹಿಂದೆ ಸರಿಯಬೇಡಿ. ನಂಬುವವರಿಗೆ ಆ ಗ್ರಂಥ ಏನು ಎಂಬುದನ್ನೂ, ಚರಿತ್ರೆಕಾರರು ಅದನ್ನು ಹೇಗೆ ಓದುತ್ತಾರೆ ಎಂಬುದನ್ನೂ ಕಲಿಯುವುದು ಈ ಕೋರ್ಸಿನ ಕೆಲಸ ಎಂದು ಪಠ್ಯಯೋಜನೆಯಲ್ಲೇ ಅಚ್ಚಾಗಿರಲಿ. ಪರೀಕ್ಷೆಯಲ್ಲಿ ಅಂಕ ನಂಬಿಕೆಗಲ್ಲ, ವಿವರಣೆಗೆ ಎಂಬ ಸಾಲೂ ಇರಲಿ. ಆ ಧರ್ಮದ ವಿದ್ಯಾರ್ಥಿಯನ್ನು ‘ನೀವೇ ಹೇಳಿ’ ಎಂದು ವಕ್ತಾರರನ್ನಾಗಿ ಮಾಡಬೇಡಿ. ಒಬ್ಬರ ಮನೆಯ ಪದ್ಧತಿ ಇಡೀ ಪರಂಪರೆಯ ನಿಯಮವಾಗಿಬಿಡುತ್ತದೆ, ಆ ವಿದ್ಯಾರ್ಥಿಗೂ ಮುಜುಗರ. ದೂರು ವಿಭಾಗಕ್ಕೆ ಹೋಗುವ ಸೂಚನೆ ಕಂಡರೆ ಅದೇ ದಿನ, ಏನು ನಡೆಯಿತೆಂದು ದಿನಾಂಕ ಸಹಿತ ಬರೆದು ಮುಖ್ಯಸ್ಥರಿಗೆ ಕಳಿಸಿ.

ಪೂಜಾಸ್ಥಳಗಳ ಭೇಟಿಗೂ ಇದೇ ಎಚ್ಚರ ಬೇಕು. ಹೋಗುವುದು ನೋಡಲು, ಆಚರಣೆಯಲ್ಲಿ ಪಾಲ್ಗೊಳ್ಳಲು ಅಲ್ಲ. ಪ್ರಸಾದವನ್ನೋ ಆಶೀರ್ವಾದವನ್ನೋ ವಿನಯದಿಂದ ನಿರಾಕರಿಸಬಹುದು ಎಂದು ಮುಂಚೆಯೇ ವಿದ್ಯಾರ್ಥಿಗಳಿಗೂ ಅಲ್ಲಿನವರಿಗೂ ತಿಳಿಸಿ. ಬರಲು ಮನಸ್ಸಿಲ್ಲದವರಿಗೆ ಅಷ್ಟೇ ಅಂಕದ ಬೇರೆ ಕೆಲಸ ಕೊಡಿ, ಕಾರಣ ಕೇಳಬೇಡಿ.

ಪ್ರಶ್ನೆ: ಹದಿನೈದು ವರ್ಷ ಶಾಲಾ ಶಿಕ್ಷಕಿಯಾಗಿದ್ದೇನೆ. ಈಗ ಈ ಕ್ಷೇತ್ರಕ್ಕೆ ಬರಲು ತಡವಾಯಿತೇ?

ಶಿಕ್ಷಣದ ಕಡೆಯಿಂದ ಬರುವುದಾದರೆ ತಡವಾಗಿಲ್ಲ. ಶಿಕ್ಷಕ ತರಬೇತಿ ವಿಭಾಗಗಳಿಗೆ ನಿಮ್ಮಂಥವರೇ ಬೇಕು. ಕೆಲಸ ಬಿಡದೆ ಮಾಡಬಹುದಾದ ದಾರಿ ಇಡಿಡಿ, ಅಂದರೆ ಶಿಕ್ಷಣದಲ್ಲಿ ವೃತ್ತಿಪರ ಡಾಕ್ಟರೇಟ್. ಮೊದಲ ಎರಡು ವರ್ಷ ಕೋರ್ಸು ಮತ್ತು ಸಣ್ಣ ಸಂಶೋಧನೆಗಳು, ಆಮೇಲೆ ಪಿಎಚ್‌ಡಿಗಿಂತ ಚಿಕ್ಕ ಪ್ರಬಂಧ. ಅರೆಕಾಲಿಕವಾಗಿ ನಾಲ್ಕರಿಂದ ಆರು ವರ್ಷ. ಧರ್ಮಾಧ್ಯಯನ ವಿಭಾಗಗಳು ಇದನ್ನು ಪಿಎಚ್‌ಡಿಗೆ ಸಮವೆಂದು ಎಣಿಸುವುದು ಅಪರೂಪ. ಅಲ್ಲಿಗೇ ಹೋಗಬೇಕೆಂದಿದ್ದರೆ ಮೊದಲು ಒಂದು ಸ್ನಾತಕೋತ್ತರ ಪದವಿ, ಜೊತೆಗೆ ಒಂದು ಮೂಲಭಾಷೆ ಬೇಕಾಗುತ್ತದೆ.

ಸ್ವಂತ ಶಾಲೆಯಲ್ಲೇ ಸಂಶೋಧನೆ ಮಾಡುವ ಆಸೆ ಬರುತ್ತದೆ. ಅಂಕ ಕೊಡುವ ಶಿಕ್ಷಕಿಯೇ ಒಪ್ಪಿಗೆ ಕೇಳಿದರೆ ಮಕ್ಕಳು ಬೇಡವೆನ್ನಲಾರರು. ನೈತಿಕ ಪರಿಶೀಲನಾ ಸಮಿತಿಯೂ ಇದೇ ಆಕ್ಷೇಪ ಎತ್ತುತ್ತದೆ. ಬೇರೆ ಶಾಲೆ ಆರಿಸಿಕೊಳ್ಳಿ. ಅದು ಸಾಧ್ಯವಾಗದಿದ್ದರೆ ನೀವು ಪಾಠ ಮಾಡದ ತರಗತಿಯಲ್ಲಿ, ಒಪ್ಪಿಗೆ ಪಡೆಯುವ ಕೆಲಸವನ್ನು ಬೇರೊಬ್ಬರ ಮೂಲಕ ಮಾಡಿಸಿ. ಈಗಿನಿಂದಲೇ ನಿಮ್ಮ ಪಾಠಯೋಜನೆಗಳನ್ನು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಹೆಸರಿಲ್ಲದೆ ದಿನಾಂಕ ಹಾಕಿ ಬರೆದಿಡಿ. ಪ್ರಸ್ತಾವನೆ ಬರೆಯುವಾಗ ಸಮಸ್ಯೆ ಎಲ್ಲಿದೆ ಎಂದು ತೋರಿಸಲು ಆ ಟಿಪ್ಪಣಿಗಳಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ.